ಕೇಳಿದ್ದು ಶೌಚಾಲಯ, ಕೊಟ್ಟದ್ದು ನೇಣು

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಯುವ ವೈದ್ಯೆಯೊಬ್ಬರ ಶವ ಸಿಕ್ಕಿತು. ದೀರ್ಘ ಪಾಳಿಯ ನಡುವೆ ಸ್ವಲ್ಪ ಹೊತ್ತು ಒರಗಲು ಆಕೆಗೆ ಸಿಕ್ಕಿದ್ದು ಆ ಹಾಲೇ. ಮರುದಿನದಿಂದಲೇ ಕಿರಿಯ ವೈದ್ಯರು ಬೀದಿಗಿಳಿದರು. ಅವರ ಬೇಡಿಕೆಗಳಲ್ಲಿ ತನಿಖೆ ಸರಿಯಾಗಿ ನಡೆಯಬೇಕು, ಹೊಣೆಗೇಡಿ ಅಧಿಕಾರಿಗಳನ್ನು ತೆಗೆಯಬೇಕು ಎಂಬುದಿತ್ತು. ಅದರ ಜೊತೆಗೇ ಪಾಳಿ ವೈದ್ಯರಿಗೆ ಮಲಗುವ ಕೋಣೆ, ಶೌಚಾಲಯ, ಸಿಸಿಟಿವಿ, ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿ ಇದೆ ಎಂದು ತಿಳಿಸುವ ವ್ಯವಸ್ಥೆ, ಖಾಲಿ ಹುದ್ದೆಗಳ ಭರ್ತಿ ಇವೂ ಇದ್ದವು. ಹಾಸಿಗೆಗೂ ಅತ್ಯಾಚಾರಕ್ಕೂ ಏನು ಸಂಬಂಧ ಎಂದು ಕೇಳುವವರು ಸರಕಾರಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಒಂದು ರಾತ್ರಿ ಕೂತು ನೋಡಬೇಕು. ಹಾಸಿಗೆ ಇಲ್ಲ ಎನ್ನುವ ಕೆಟ್ಟ ಸುದ್ದಿಯನ್ನು ರೋಗಿಯ ಕಡೆಯವರಿಗೆ ಹೇಳಬೇಕಾದವರು ಕಿರಿಯ ವೈದ್ಯರು, ಏಟು ತಿನ್ನುವವರೂ ಅವರೇ.

ಘಟನೆಗೆ ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 3ರಂದು, ಪಶ್ಚಿಮ ಬಂಗಾಳದ ವಿಧಾನಸಭೆ ‘ಅಪರಾಜಿತಾ’ ಮಸೂದೆಯನ್ನು ಅವಿರೋಧವಾಗಿ ಅಂಗೀಕರಿಸಿತು. ಅತ್ಯಾಚಾರಕ್ಕೊಳಗಾದವರು ಸತ್ತರೆ ಅಪರಾಧಿಗೆ ಮರಣದಂಡನೆ, ಉಳಿದ ಶಿಕ್ಷೆಗಳೂ ಹೆಚ್ಚಳ, ತನಿಖೆಗೆ 21 ದಿನದ ಗಡುವು. ಆಡಳಿತ ಪಕ್ಷವೂ ವಿರೋಧ ಪಕ್ಷವೂ ಒಂದಾದ ಅಪರೂಪದ ದಿನ ಅದು. ಕೋಣೆ, ಶೌಚಾಲಯ, ಹಾಸಿಗೆ ಕೇಳಿದ್ದ ವೈದ್ಯರು ಮಾತ್ರ ಅಕ್ಟೋಬರಿನಲ್ಲಿ ಆಮರಣಾಂತ ಉಪವಾಸ ಕೂರಬೇಕಾಯಿತು.

ಅಪರಾಧದ ಸುತ್ತ ಏಳುವ ಚಳವಳಿಗಳನ್ನೆಲ್ಲ ‘ನ್ಯಾಯಕ್ಕಾಗಿ ಹೋರಾಟ’ ಎಂಬ ಒಂದೇ ಹೆಸರಿನಿಂದ ಕರೆದು ನಮಗೆ ರೂಢಿ. ಕಳೆದ ನಲವತ್ತೈದು ವರ್ಷಗಳ ಇಂಥ ಚಳವಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವು ಒಂದೇ ಜಾತಿಯವಲ್ಲ. ಕೆಲವು ಸಂತ್ರಸ್ತರ ಮನೆಯಿಂದ ಹೊರಟವು, ಕೆಲವು ಆರೋಪಿಯ ಪಾಳೆಯದಿಂದ, ಕೆಲವು ಖಾಕಿಯೊಳಗಿನಿಂದಲೇ. ಕೆಲವು ಹೊಸ ಅಪರಾಧವೊಂದನ್ನು ಕಾನೂನಿನ ಪುಸ್ತಕಕ್ಕೆ ಸೇರಿಸಿ ಎಂದರೆ, ಮತ್ತೆ ಕೆಲವು ಅಲ್ಲಿರುವುದನ್ನು ಅಳಿಸಿ ಎಂದವು. ಚಳವಳಿ ಹುಟ್ಟಿದ ಜಾಗ ಅದರ ಬೇಡಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದರೆ ಬೇಡಿಕೆಯಲ್ಲಿ ಯಾವುದು ಈಡೇರುತ್ತದೆ ಎಂಬುದನ್ನು ಚಳವಳಿಯ ಗಾತ್ರವಾಗಲಿ ನ್ಯಾಯವಾಗಲಿ ನಿರ್ಧರಿಸಿದಂತೆ ಕಾಣುವುದಿಲ್ಲ. ಅದನ್ನು ನಿರ್ಧರಿಸುವುದು ಸರಕಾರಕ್ಕೆ ತಗಲುವ ಖರ್ಚು ಮತ್ತು ಮುಜುಗರ. ಶಿಕ್ಷೆ ಹೆಚ್ಚಿಸುವುದಕ್ಕೆ ಎರಡೂ ಇಲ್ಲ.

ನಾಲ್ವರು ಮೇಷ್ಟರ ಪತ್ರ

ಸ್ವಾತಂತ್ರ್ಯೋತ್ತರ ಭಾರತದಲ್ಲಿ ಇಂಥ ಚಳವಳಿಗೆ ಒಂದು ಆರಂಭ ಗುರುತಿಸುವುದಾದರೆ ಅದು 1979ರ ಸೆಪ್ಟೆಂಬರ್ 16. ಆ ದಿನ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ 1972ರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು ಇಬ್ಬರು ಪೊಲೀಸರಿಗೆ ಶಿಕ್ಷೆ ಕೊಟ್ಟಿತ್ತು. ಸುಪ್ರೀಂ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ, ಪ್ರತಿಭಟಿಸಿದ್ದಕ್ಕೆ ಸಾಕ್ಷ್ಯವಿಲ್ಲ, ಹಾಗಾಗಿ ಇದು ಒಪ್ಪಿಗೆ ಎಂಬುದು ತರ್ಕ. ರಾತ್ರಿ ಹೊತ್ತು ಠಾಣೆಯೊಳಗೆ ಪೊಲೀಸರ ಎದುರು ಒಬ್ಬ ಬಡ ಹುಡುಗಿಯ ಮೌನ ಒಪ್ಪಿಗೆಯಾಗುತ್ತದೆಯೇ ಎಂದು ಆ ನಾಲ್ವರು ಕೇಳಿದರು.

ಆ ಕಾಲ ಗಮನಿಸಬೇಕು. ತುರ್ತು ಪರಿಸ್ಥಿತಿ ಮುಗಿದು ಇನ್ನೂ ಮೂರು ವರ್ಷವಾಗಿರಲಿಲ್ಲ. ಪೊಲೀಸ್ ಠಾಣೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಮಧ್ಯಮ ವರ್ಗದವರೂ ಮೊದಲ ಬಾರಿಗೆ ಕಣ್ಣಾರೆ ಕಂಡಿದ್ದರು. ಹೀಗಾಗಿ ಪತ್ರದ ಸಿಟ್ಟು ಇಬ್ಬರು ಪೇದೆಗಳ ಮೇಲಿನದಲ್ಲ, ಪ್ರಭುತ್ವದ ಮೇಲಿನದು. 1980ರ ಮಾರ್ಚ್ 8ರಂದು ಹಲವು ನಗರಗಳಲ್ಲಿ ಹೆಣ್ಣುಮಕ್ಕಳು ಮೆರವಣಿಗೆ ತೆಗೆದಾಗ ಕೇಳಿದ್ದು ಮರುವಿಚಾರಣೆಯನ್ನು ಮತ್ತು ಸಾಕ್ಷ್ಯದ ನಿಯಮ ಬದಲಾಗುವುದನ್ನು: ಒಪ್ಪಿಗೆ ಇತ್ತು ಎಂದು ಸಾಬೀತುಪಡಿಸುವ ಭಾರ ಆರೋಪಿಯ ಮೇಲೆ ಬೀಳಬೇಕು, ಹೆಣ್ಣಿನ ಪೂರ್ವಚರಿತ್ರೆ ಕೆದಕಬಾರದು.

1983ರ ತಿದ್ದುಪಡಿಯಲ್ಲಿ ಇದರಲ್ಲಿ ಅರ್ಧ ಬಂತು. ಠಾಣೆ, ಜೈಲು, ಆಸ್ಪತ್ರೆಯಂಥ ಕಡೆ ವಶದಲ್ಲಿದ್ದವಳು ಒಪ್ಪಿಗೆಯಿರಲಿಲ್ಲ ಎಂದರೆ ಕೋರ್ಟು ಹಾಗೆಯೇ ಭಾವಿಸಬೇಕು ಎಂಬ ನಿಯಮ ಬಂತು. ಜೊತೆಗೆ ಯಾರೂ ಒತ್ತಾಯದಿಂದ ಕೇಳಿರದ ಕನಿಷ್ಠ ಶಿಕ್ಷೆಯೂ ಬಂತು. ಪೂರ್ವಚರಿತ್ರೆ ಕೆದಕಲು ವಕೀಲರಿಗೆ ಅವಕಾಶ ಕೊಡುತ್ತಿದ್ದ ಸಾಕ್ಷ್ಯ ಕಾಯ್ದೆಯ ಸಾಲು ಬಿದ್ದುಹೋಗಲು ಮತ್ತೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಸಂತ್ರಸ್ತೆಗೆ ಲೈಂಗಿಕ ಅನುಭವವಿತ್ತೇ ಎಂದು ನೋಡುವ ‘ಎರಡು ಬೆರಳಿನ ಪರೀಕ್ಷೆ’ಯನ್ನು ಸುಪ್ರೀಂ ಕೋರ್ಟು 2013ರಲ್ಲಿ ತಪ್ಪೆಂದಿತು, 2022ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳಬೇಕಾಗಿ ಬಂತು ಎಂಬುದರಲ್ಲೇ ಮೊದಲನೆಯದರ ಗತಿ ಗೊತ್ತಾಗುತ್ತದೆ.

ಇದೇ ಹೊತ್ತಿಗೆ ವರದಕ್ಷಿಣೆ ಸಾವುಗಳ ವಿರುದ್ಧದ ಚಳವಳಿ ಕಾವೇರುತ್ತಿತ್ತು. ಇದರ ಹುಟ್ಟು ಬೇರೆ. ಇಲ್ಲಿ ಪತ್ರ ಬರೆದ ಪ್ರಾಧ್ಯಾಪಕರಿಲ್ಲ, ಮಗಳನ್ನು ಕಳೆದುಕೊಂಡ ತಾಯಂದಿರಿದ್ದಾರೆ. ದಿಲ್ಲಿಯ ಸತ್ಯರಾಣಿ ಚಡ್ಡಾ ಮತ್ತು ಶಾಹಜಹಾನ್ ಆಪಾ ಅಂಥ ಇಬ್ಬರು. ನಮ್ಮಲ್ಲಿ ಬೆಂಗಳೂರಿನ ‘ವಿಮೋಚನಾ’ ಸಂಘಟನೆ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿತು. ಕೇಸ್ ಶೀಟುಗಳಲ್ಲಿ ‘ಸ್ಟವ್ ಸಿಡಿದು’ ಎಂಬ ಎರಡು ಪದ ಮತ್ತೆ ಮತ್ತೆ. ಪಂಪ್ ಸ್ಟವ್ ಸಿಡಿದಾಗ ಅತ್ತೆ ಮಾವಂದಿರನ್ನೂ ಗಂಡನನ್ನೂ ಬಿಟ್ಟು ಸೊಸೆಯನ್ನೇ ಹುಡುಕಿಕೊಂಡು ಹೋಗುವುದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಮರಣ ಹೇಳಿಕೆ ಬರೆದುಕೊಳ್ಳಲು ಬಂದವರ ಬೆನ್ನ ಹಿಂದೆ ಗಂಡನ ಮನೆಯವರೇ ನಿಂತಿರುತ್ತಿದ್ದರು. ಮಗುವನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆಯಲ್ಲಿರುವವಳು ‘ಸ್ಟವ್’ ಎನ್ನದೆ ಇನ್ನೇನು ಹೇಳಿಯಾಳು? ಪೊಲೀಸರು ಅಸಹಜ ಸಾವು ಎಂದು ಯುಡಿಆರ್ ನಂಬರು ಹಾಕಿ ಕಡತ ಮುಚ್ಚುತ್ತಿದ್ದರು. ಆ ಯುಡಿಆರ್‌ಗಳನ್ನು ತೆರೆಸುವುದು, ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಎದುರು, ನೆಂಟರನ್ನು ಹೊರಗೆ ಕಳಿಸಿ ಪಡೆಯುವುದು, ವಾರ್ಡಿನ ಸ್ಥಿತಿ ಸುಧಾರಿಸುವುದು ಹೋರಾಟದ ದಿನನಿತ್ಯದ ಕೆಲಸವಾಗಿತ್ತು.

ಸರಕಾರ ಕೊಟ್ಟದ್ದು 1983ರಲ್ಲಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವಾಗಿಸಿದ 498ಎ ಕಲಂ, 1986ರಲ್ಲಿ 304ಬಿ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಅದಕ್ಕೆ ಮುನ್ನ ವರದಕ್ಷಿಣೆ ಕಿರುಕುಳವಿದ್ದರೆ ಅದು ವರದಕ್ಷಿಣೆ ಸಾವು. ಉಪಯುಕ್ತ ಕಲಮುಗಳೇ, ಅವಿಲ್ಲದಿದ್ದರೆ ಸಾವಿರಾರು ಕೇಸು ದಾಖಲಾಗುತ್ತಲೇ ಇರಲಿಲ್ಲ. ಆದರೆ ಬದುಕಿರುವಾಗ ಗಂಡನ ಮನೆ ಬಿಟ್ಟು ಬಂದವಳಿಗೆ ಉಳಿಯಲು ಒಂದು ಸೂರು ಬೇಕು ಎಂಬ ಮಾತು ಕಾನೂನಾಗಿದ್ದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ. ಸತ್ತವಳಿಗೆ ಕಲಂ ಬೇಗ ಸಿಕ್ಕಿತು, ಬದುಕಿದ್ದವಳಿಗೆ ಕೋಣೆ ಸಿಗಲು ಇನ್ನೂ ಎರಡು ದಶಕ ಬೇಕಾಯಿತು.

ಬೆಂಗಳೂರಿನಲ್ಲಿ ಆ್ಯಸಿಡ್

ಕರ್ನಾಟಕದಲ್ಲೇ ಹುಟ್ಟಿ ದೇಶದ ಕಾನೂನನ್ನು ಬದಲಿಸಿದ ಚಳವಳಿಯೊಂದಿದೆ. ಅದಕ್ಕೆ ಸಲ್ಲಬೇಕಾದ ಗೌರವ ಕನ್ನಡ ಪತ್ರಿಕೆಗಳಲ್ಲೂ ಪೂರ್ತಿ ಸಂದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

1999ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ, ಕೆಲಸ ಬಿಟ್ಟಳೆಂಬ ಕಾರಣಕ್ಕೆ, ಹಿಂದಿನ ಮಾಲೀಕನೊಬ್ಬ ಹತ್ತೊಂಬತ್ತು ಇಪ್ಪತ್ತರ ಯುವತಿಯ ಮೇಲೆ ಗಂಧಕಾಮ್ಲ ಸುರಿದ. ಆಕೆಯ ಕಣ್ಣು ಹೋಯಿತು. ಆಗ ದಂಡ ಸಂಹಿತೆಯಲ್ಲಿ ಆ್ಯಸಿಡ್ ದಾಳಿ ಎಂಬ ಅಪರಾಧವೇ ಇರಲಿಲ್ಲ. ‘ಘೋರ ಗಾಯ’ ಎಂದರೇನು ಎಂಬುದಕ್ಕೆ ಮೆಕಾಲೆಯ ಕಾಲದ ಪಟ್ಟಿಯೊಂದಿತ್ತು: ಕಣ್ಣು ಹೋಗುವುದು, ಕಿವಿ ಹೋಗುವುದು, ಅಂಗ ಅಥವಾ ಕೀಲು ಊನವಾಗುವುದು, ಮುಖ ಶಾಶ್ವತವಾಗಿ ವಿರೂಪವಾಗುವುದು, ಮೂಳೆ ಇಲ್ಲವೆ ಹಲ್ಲು ಮುರಿಯುವುದು, ಇಪ್ಪತ್ತು ದಿನ ತೀವ್ರ ನೋವು. ಕುತ್ತಿಗೆ, ಎದೆ, ತೋಳು ಬೆಂದು ಅಂಟಿಕೊಂಡವಳನ್ನು ಈ ಪಟ್ಟಿಯ ಯಾವ ಸಾಲಿಗೆ ಸೇರಿಸಬೇಕು? ಹಲ್ಲು ಮುರಿಯುವುದೂ ಮುಖ ಕರಗುವುದೂ ಒಂದೇ ತೂಕದವೆ? ಆ ಪ್ರಕರಣದಲ್ಲಿ ಕೆಳ ನ್ಯಾಯಾಲಯ ಕೊಟ್ಟ ಶಿಕ್ಷೆ ಐದು ವರ್ಷದ ಆಸುಪಾಸಿನದು. 2006ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಕೊಲೆಯತ್ನವೆಂದು ಪರಿಗಣಿಸಿ ಜೀವಾವಧಿಗೆ ಏರಿಸಿತು.

ಈ ನಡುವೆ, 2003ರಲ್ಲಿ, ಬೆಂಗಳೂರಿನ ಮಹಿಳಾ ಸಂಘಟನೆಗಳು, ವಕೀಲರು, ವಿದ್ಯಾರ್ಥಿಗಳು ಸೇರಿ ಆ್ಯಸಿಡ್ ದಾಳಿಯ ವಿರುದ್ಧ ಒಂದು ವೇದಿಕೆ ಕಟ್ಟಿದರು. ಅವರು ಮಾಡಿದ ಮೊದಲ ಕೆಲಸ ಘೋಷಣೆ ಕೂಗುವುದಲ್ಲ, ಪಟ್ಟಿ ಮಾಡುವುದು. ರಾಜ್ಯದ ಯಾವ ಊರಲ್ಲಿ, ಯಾರ ಮೇಲೆ, ಯಾರು, ಯಾಕೆ ಎರಚಿದರು ಎಂದು ಹುಡುಕಿಕೊಂಡು ಹೋದರು. ಮದುವೆಗೆ ಒಲ್ಲೆ ಎಂದವಳಿದ್ದಳು, ಗಂಡನ ಸಂಶಯಕ್ಕೆ ಗುರಿಯಾದವಳಿದ್ದಳು, ಜಮೀನಿನ ಜಗಳಕ್ಕೆ ಸಿಕ್ಕವಳೂ ಇದ್ದಳು. ಶೌಚಾಲಯ ತೊಳೆಯುವ ಆ್ಯಸಿಡ್ ಆಗ ಬಿಡಿ ಅಂಗಡಿಯಲ್ಲಿ ಹಾಲಿನಷ್ಟೇ ಸಲೀಸಾಗಿ, ಕೆಲವೇ ರೂಪಾಯಿಗೆ ಸಿಗುತ್ತಿತ್ತು. ಚರ್ಮದ ಕಸಿ ಒಂದು ಸಲ ಮಾಡಿಸಿದರೆ ಮುಗಿಯುವುದಲ್ಲ, ಕುತ್ತಿಗೆಯ ಚರ್ಮ ಬಿಗಿದು ಗದ್ದ ಎದೆಗೆ ಅಂಟಿದಾಗ ಬಿಡಿಸಬೇಕು, ಬೆಳೆಯುವ ವಯಸ್ಸಿನವಳಾದರೆ ಮತ್ತೆ ಬಿಡಿಸಬೇಕು. ಅಪ್ಪ ಅಮ್ಮ ಮನೆ ಮಾರುತ್ತಿದ್ದರು. ವೇದಿಕೆಯ ಬೇಡಿಕೆಗಳು ಈ ಪಟ್ಟಿಯಿಂದಲೇ ಮೂಡಿದವು: ಉಚಿತ ಚಿಕಿತ್ಸೆ, ಪರಿಹಾರ, ಉದ್ಯೋಗ, ಆ್ಯಸಿಡ್ ಮಾರಾಟಕ್ಕೆ ಕಡಿವಾಣ, ಪ್ರತ್ಯೇಕ ಕಲಂ. ಶಿಕ್ಷೆ ಇತ್ತು, ಆದರೆ ಅದೊಂದೇ ಇರಲಿಲ್ಲ.

ಈ ಹೊತ್ತಿಗೆ ನೆರೆಯ ಬಾಂಗ್ಲಾದೇಶ ನಮಗಿಂತ ಮುಂದೆ ಹೋಗಿತ್ತು. ಅಲ್ಲಿ 2002ರಲ್ಲೇ ಎರಡು ಕಾಯ್ದೆ ಬಂದವು, ಒಂದು ದಾಳಿಗೆ ಶಿಕ್ಷೆ, ಇನ್ನೊಂದು ಆ್ಯಸಿಡ್ ಮಾರಾಟಕ್ಕೆ ಲೈಸೆನ್ಸು. ಜೊತೆಗೆ ಸಂತ್ರಸ್ತರ ಚಿಕಿತ್ಸೆಗೆ 1999ರಲ್ಲೇ ಶುರುವಾದ ಪ್ರತಿಷ್ಠಾನವೊಂದಿತ್ತು. ಅಲ್ಲಿ ದಾಳಿಗಳು ಮುಂದಿನ ವರ್ಷಗಳಲ್ಲಿ ಗಣನೀಯವಾಗಿ ಇಳಿದವು. ಅಲ್ಲಿಯೂ ಶಿಕ್ಷೆ ಕಠಿಣವೇ, ಮರಣದಂಡನೆಯೂ ಇದೆ. ಆದರೂ ಇಳಿಕೆಯ ಶ್ರೇಯಸ್ಸಿನಲ್ಲಿ ಅಂಗಡಿಯ ಬಾಗಿಲಿಗೆ ಬಿದ್ದ ಬೀಗಕ್ಕೂ ಪಾಲಿದೆ ಎಂಬುದು ನನ್ನ ಅಂದಾಜು.

ಭಾರತದಲ್ಲಿ ಆ್ಯಸಿಡ್ ದಾಳಿಗೊಳಗಾದ ದಿಲ್ಲಿಯ ಲಕ್ಷ್ಮಿ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2013ರ ಜುಲೈ 18ರಂದು ಆದೇಶ ಕೊಟ್ಟಿತು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಹದಿನೆಂಟು ತುಂಬದವರಿಗೆ ಕೊಡಬಾರದು, ದಾಸ್ತಾನು ಮುಚ್ಚಿಟ್ಟರೆ 50,000 ರೂಪಾಯಿವರೆಗೆ ದಂಡ, ಸಂತ್ರಸ್ತರಿಗೆ ಕನಿಷ್ಠ 3 ಲಕ್ಷ ಪರಿಹಾರ, ಅದರಲ್ಲಿ 1 ಲಕ್ಷ 15 ದಿನದೊಳಗೆ. ಅದೇ ವರ್ಷದ ತಿದ್ದುಪಡಿಯಲ್ಲಿ 326ಎ ಕಲಂ ಬಂತು, ಕನಿಷ್ಠ ಹತ್ತು ವರ್ಷ. ಖಾಸಗಿ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕೆಂದು ಕಾನೂನಾಯಿತು. ಕಾಗದದ ಮೇಲೆ ಬೆಂಗಳೂರಿನ ವೇದಿಕೆ ಕೇಳಿದ್ದು ಹೆಚ್ಚುಕಡಿಮೆ ಎಲ್ಲ ಸಿಕ್ಕಿತು. ನಮ್ಮ ಇಡೀ ಸಮೀಕ್ಷೆಯಲ್ಲಿ ಗೆಲುವಿಗೆ ಅತ್ಯಂತ ಹತ್ತಿರ ಬಂದ ಚಳವಳಿ ಇದು. ಪೊಲೀಸ್ ಠಾಣೆಯಲ್ಲಿ ಕಲಂ ತಪ್ಪದೆ ಬೀಳುತ್ತದೆ. ನಿಮ್ಮ ಬೀದಿಯ ಅಂಗಡಿಯಲ್ಲಿ ರಿಜಿಸ್ಟರು ಇದೆಯೇ ಎಂಬುದನ್ನು ನೀವೇ ಕೇಳಿ ನೋಡಬಹುದು.

ಎಂಬತ್ತು ಸಾವಿರ ಸಲಹೆ

2012ರ ಡಿಸೆಂಬರ್ 16ರ ದಿಲ್ಲಿಯ ಸಾಮೂಹಿಕ ಅತ್ಯಾಚಾರ ಮತ್ತು ಅದರ ನಂತರದ ಜನಸಾಗರವನ್ನು ವಿವರಿಸಬೇಕಿಲ್ಲ. ಆ ಜನಸಾಗರದ ಹುಟ್ಟಿನ ಬಗ್ಗೆ ಮಾತ್ರ ಒಂದು ಮಾತು. 1980ರ ಮೆರವಣಿಗೆಗಳ ಹಿಂದೆ ಸಂಘಟನೆಗಳಿದ್ದವು, ಅವುಗಳ ಹಿಂದೆ ವರ್ಷಗಳ ಚರ್ಚೆಯಿತ್ತು. 2012ರಲ್ಲಿ ರಾಯಸೀನಾ ಗುಡ್ಡದ ಕಡೆ ನಡೆದ ಬಹುಪಾಲು ಯುವಕ ಯುವತಿಯರಿಗೆ ಅದು ಮೊದಲ ಪ್ರತಿಭಟನೆ. ಸಂಘಟನೆಗಳು ಆಮೇಲೆ ಬಂದು ಸೇರಿಕೊಂಡವು. ಹೀಗಾಗಿ ಒಂದೇ ಬೀದಿಯಲ್ಲಿ ಎರಡು ಬೇಡಿಕೆ ಎದುರುಬದುರಾದವು. ಒಂದು ಕಡೆ ‘ಗಲ್ಲಿಗೇರಿಸಿ’ ಎಂಬ ಫಲಕ. ಇನ್ನೊಂದು ಕಡೆ, ಬಹಳ ಕಾಲದಿಂದ ಇದೇ ಕೆಲಸ ಮಾಡುತ್ತ ಬಂದಿದ್ದ ಮಹಿಳಾ ಸಂಘಟನೆಗಳು ಮರಣದಂಡನೆ ಬೇಡ ಎಂದು ಹೇಳಿಕೆ ಕೊಟ್ಟವು. ಸಂತ್ರಸ್ತೆಯನ್ನು ಬದುಕಲು ಬಿಟ್ಟರೂ ಕೊಂದರೂ ಶಿಕ್ಷೆ ಒಂದೇ ಆದರೆ ಅಪರಾಧಿ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದು ಅವರ ಆತಂಕಗಳಲ್ಲಿ ಒಂದು.

ಕಾನೂನು ಬದಲಾವಣೆ ಸೂಚಿಸಲು ಸರಕಾರ ನೇಮಿಸಿದ, ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಲೀಲಾ ಸೇಠ್, ಗೋಪಾಲ ಸುಬ್ರಮಣಿಯಂ ಅವರ ಸಮಿತಿಗೆ ಸುಮಾರು 80,000 ಸಲಹೆಗಳು ಬಂದವು. ಅವನ್ನೆಲ್ಲ ಓದಿ, ಒಂದೇ ತಿಂಗಳಲ್ಲಿ, 2013ರ ಜನವರಿ 23ರಂದು ಅವರು ವರದಿ ಕೊಟ್ಟರು. ಸರಕಾರಿ ಸಮಿತಿಗಳ ಇತಿಹಾಸದಲ್ಲಿ ಇದೊಂದು ಅಚ್ಚರಿ. ಅತ್ಯಾಚಾರಕ್ಕೆ ಮರಣದಂಡನೆ ಬೇಡ, ಬಾಲಾಪರಾಧಿಯ ವಯಸ್ಸು ಇಳಿಸುವುದು ಬೇಡ, ಗಂಡನೆಂಬ ಕಾರಣಕ್ಕೆ ಅತ್ಯಾಚಾರಕ್ಕೆ ವಿನಾಯಿತಿ ಬೇಡ, ಸೇನಾಪಡೆಯವರ ಲೈಂಗಿಕ ಅಪರಾಧಕ್ಕೆ ಸರಕಾರದ ಪೂರ್ವಾನುಮತಿಯ ರಕ್ಷಣೆ ಬೇಡ, ಪೊಲೀಸ್ ಸುಧಾರಣೆ ಬೇಕು ಎಂದಿತು ಸಮಿತಿ.

ಹನ್ನೊಂದು ದಿನಕ್ಕೆ ಸುಗ್ರೀವಾಜ್ಞೆ ಬಂತು. ಸಮಿತಿ ಬೇಡವೆಂದಿದ್ದ ಮರಣದಂಡನೆ ಅದರಲ್ಲಿತ್ತು. ಗಂಡನ ವಿನಾಯಿತಿ ಇದ್ದಲ್ಲೇ ಇತ್ತು, ಹೊಸ ನ್ಯಾಯ ಸಂಹಿತೆಯಲ್ಲೂ ಇದೆ. ಸೇನಾಪಡೆಯ ವಿಷಯವನ್ನು ಮುಟ್ಟಲಿಲ್ಲ. 2015ರಲ್ಲಿ ಹದಿನಾರರಿಂದ ಹದಿನೆಂಟರವರೆಗಿನವರನ್ನು ಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಪಡಿಸುವ ಕಾಯ್ದೆ ಬಂತು. ನ್ಯಾಯಕ್ಕೆ ಹೇಳುವುದಾದರೆ 2013ರ ಕಾಯ್ದೆಯಲ್ಲಿ ಒಳ್ಳೆಯದೂ ಬೇಕಾದಷ್ಟಿದೆ: ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು, ಹಿಂಬಾಲಿಸುವುದು ಅಪರಾಧವಾಯಿತು, ದೂರು ದಾಖಲಿಸದ ಪೊಲೀಸನಿಗೆ ಶಿಕ್ಷೆ ಬಂತು. ಆದರೂ ಕೊಟ್ಟದ್ದು ಕೊಡದ್ದನ್ನು ಎರಡು ಕಾಲಂ ಮಾಡಿ ಬರೆದರೆ, ಗಂಡಸಿನ ಮನೆಗೂ ಸೇನೆಯ ಬ್ಯಾರಕ್ಕಿಗೂ ಪೊಲೀಸರ ವರ್ಗಾವಣೆ ದಂಧೆಗೂ ಕೈಹಾಕುವ ಸಲಹೆಗಳೆಲ್ಲ ಒಂದೇ ಕಾಲಮಿನಲ್ಲಿ ಬರುತ್ತವೆ.

ಮುಂದಿನ ಘಟನೆಗಳು ಇದೇ ದಾರಿ ಹಿಡಿದವು. 2018ರಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳ ಅತ್ಯಾಚಾರಕ್ಕೆ ಮರಣದಂಡನೆ. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆ ಪ್ರಕರಣವೊಂದರ ನಾಲ್ವರು ಆರೋಪಿಗಳ ‘ಎನ್‌ಕೌಂಟರ್’, ಅದಕ್ಕೆ ಹೂವಿನ ಮಳೆ. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ ಆಮೇಲೆ ಪೊಲೀಸರ ಕಥೆ ನಂಬಲರ್ಹವಲ್ಲ ಎಂದು ವರದಿ ಕೊಟ್ಟಿತು. ಹೂವು ಎರಚಿದವರು ಅದನ್ನು ಓದಿದಂತೆ ಕಾಣಲಿಲ್ಲ.

ಕಂಬಾಲಪಲ್ಲಿ

ದಲಿತ ಚಳವಳಿಯನ್ನು ಈ ಸಾಲಿನಲ್ಲಿ ಬೇರೆಯಾಗಿಯೇ ನೋಡಬೇಕು. ಇಲ್ಲಿ ಸಿಟ್ಟಿಗೆ ಕಾರಣವಾದದ್ದು ಕಾನೂನಿನ ಕೊರತೆಯಲ್ಲ. ಕೊಲೆಗೆ, ಬೆಂಕಿಗೆ ಕಲಮುಗಳು ಮೊದಲೇ ಇದ್ದವು. 1968ರಲ್ಲಿ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ 44 ಮಂದಿಯನ್ನು ಗುಡಿಸಲಿನಲ್ಲಿ ಕೂಡಿ ಸುಟ್ಟಾಗಲೂ ಇದ್ದವು. 1977ರ ಬಿಹಾರದ ಬೆಲ್ಚಿಯ ಹತ್ಯಾಕಾಂಡವನ್ನು ‘ಸಮುದಾಯ’ ತಂಡ ಬೀದಿ ನಾಟಕವಾಗಿಸಿ ಕರ್ನಾಟಕದ ಊರೂರಿಗೆ ಒಯ್ದಾಗ ನೋಡಿದವರು ಕೇಳಿದ್ದು ಇನ್ನೊಂದು ಕಲಂ ಅಲ್ಲ, ಇದ್ದ ಕಲಂ ಹಾಕದವರನ್ನು ಏನು ಮಾಡುವುದು ಎಂದು. ಹಾಗಾಗಿಯೇ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕರ್ತವ್ಯ ಮರೆತ ಸರಕಾರಿ ನೌಕರನಿಗೂ ಶಿಕ್ಷೆ ಇದೆ, ನಿರೀಕ್ಷಣಾ ಜಾಮೀನು ಇಲ್ಲ, ವಿಶೇಷ ನ್ಯಾಯಾಲಯ ಇದೆ. 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಇದನ್ನು ಸಡಿಲಗೊಳಿಸಿದಾಗ ಏಪ್ರಿಲ್ 2ರ ಭಾರತ ಬಂದ್ ಅದನ್ನು ಕೆಲವೇ ತಿಂಗಳಲ್ಲಿ ಮರಳಿ ತಂದಿತು.

ಅಂಥ ಬಲವಾದ ಕಾಯ್ದೆ ಇದ್ದೂ 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಬೆಂಕಿಯಲ್ಲಿ ಸತ್ತರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಅವರನ್ನು ದೂರುವುದು ಸುಲಭ. ಕೂಲಿಗೆ ಯಾರ ಹೊಲಕ್ಕೆ ಹೋಗಬೇಕೋ ಅವರ ವಿರುದ್ಧವೇ ಆರು ವರ್ಷ ಸಾಕ್ಷಿಯಾಗಿ ನಿಲ್ಲುವುದು ಹೇಗೆ? ದಲಿತ ಸಂಘಟನೆಗಳು ಕೇಳುತ್ತ ಬಂದ ಸಾಕ್ಷಿ ರಕ್ಷಣೆ, ಭೂಮಿ, ಪುನರ್ವಸತಿ ಇವು ಎಂಥ ಕಠಿಣ ಶಿಕ್ಷೆಗಿಂತಲೂ ಮೊದಲು ಬೇಕಾದವು. ದೇಶಕ್ಕೊಂದು ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದದ್ದು 2018ರಲ್ಲಿ.

ಅಳಿಸಿ ಎಂದವರು

ಇಲ್ಲಿಯವರೆಗಿನವರು ಪ್ರಭುತ್ವದ ಕೈ ಬಲವಾಗಲಿ ಎಂದವರು. ಆ ಕೈಯನ್ನು ಕತ್ತಿನಿಂದ ತೆಗೆಯಿರಿ ಎಂದು ಕೇಳಿದವರ ಚಳವಳಿ ಇನ್ನೊಂದು ಹಾದಿಯದು.

1871ರ ಅಪರಾಧಿ ಬುಡಕಟ್ಟು ಕಾಯ್ದೆ ಹುಟ್ಟಿನಿಂದಲೇ ಜನರನ್ನು ಕಳ್ಳರೆಂದು ಬರೆದಿಟ್ಟಿತು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಇವತ್ತಿಗೂ ಉಳಿದಿದೆ. ಗಂಟಿಚೋರರು, ಕೊರಚರು, ಹರಣಶಿಕಾರಿಗಳನ್ನು ಇಂಥ ಬೇಲಿಗಳೊಳಗೆ ಕೂಡಿಹಾಕಿ ಹಾಜರಿ ಕರೆಯುತ್ತಿದ್ದ ಕಾಲದ ಗುರುತು ಅದು. ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು, ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ಊರಲ್ಲಿ ಕಳವಾದರೆ ಪೊಲೀಸ್ ಜೀಪು ಮೊದಲು ಹೋಗುವ ಹಟ್ಟಿ ಬದಲಾಗಲಿಲ್ಲ. 1998ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ್ ಎಂಬಾತ ಬಂಧನದಲ್ಲಿ ಸತ್ತಾಗ ಲೇಖಕಿ ಮಹಾಶ್ವೇತಾ ದೇವಿ ಕೋಲ್ಕತ್ತ ಹೈಕೋರ್ಟಿಗೆ ಹೋದರು. ಅವರೂ ಗಣೇಶ ದೇವಿಯವರೂ ಲಕ್ಷ್ಮಣ ಗಾಯಕವಾಡರೂ ಸೇರಿ ಆ ವರ್ಷವೇ ವಿಮುಕ್ತ ಬುಡಕಟ್ಟುಗಳ ಹಕ್ಕಿಗಾಗಿ ವೇದಿಕೆ ಕಟ್ಟಿದರು. ಅಹಮದಾಬಾದಿನ ಛಾರಾನಗರದ ಯುವಕರು ಬುಧನ್ ಹೆಸರಲ್ಲೇ ನಾಟಕ ತಂಡ ಶುರುಮಾಡಿದರು.  2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ತಂದ ಅರ್ಜಿಯಲ್ಲಿ, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು, ವಿಮುಕ್ತ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳೆಂದು ನೋಡುವುದನ್ನೂ ಟೀಕಿಸಿತು. 1952ರಿಂದ ಎಪ್ಪತ್ತೆರಡು ವರ್ಷ.

ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂ ಅಳಿಸಲು ನಡೆದ ಹೋರಾಟದ ಮೂಲವೂ ಜೈಲೇ. ತಿಹಾರಿನಲ್ಲಿ ಕೈದಿಗಳಿಗೆ ಕಾಂಡೋಮ್ ಹಂಚಲು ಅಧಿಕಾರಿಗಳು ಒಪ್ಪದಿದ್ದಾಗ 1994ರಲ್ಲಿ ಮೊದಲ ಅರ್ಜಿ ಬಿತ್ತು. 2001ರಲ್ಲಿ ನಾಜ್ ಪ್ರತಿಷ್ಠಾನದ ಅರ್ಜಿ, 2009ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ಗೆಲುವು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲು, 2018ರ ಸೆಪ್ಟೆಂಬರ್ 6ರಂದು ಕೊನೆಯ ಗೆಲುವು. ಬೆಂಗಳೂರಿನ ಠಾಣೆಗಳಲ್ಲಿ ಹಿಜಡಾ ಮತ್ತು ‘ಕೋಥಿ’ (ಹೆಣ್ತನದ ಗಂಡಸರ) ಸಮುದಾಯದವರಿಗೆ ಆಗುತ್ತಿದ್ದುದನ್ನು 2001 ಮತ್ತು 2003ರಲ್ಲಿ ದಾಖಲಿಸಿದ, ನಾಗರಿಕ ಹಕ್ಕುಗಳ ಸಂಘಟನೆ ಕರ್ನಾಟಕ ಪಿಯುಸಿಎಲ್‌ನ ವರದಿಗಳು ಈ ಹೋರಾಟಕ್ಕೆ ದೊಡ್ಡ ಆಧಾರವಾದವು. ಇಲ್ಲಿ ಗಮನಿಸಬೇಕಾದ್ದೊಂದಿದೆ. ಆ ಗೆಲುವಿನವರೆಗಿನ ಇಷ್ಟು ವರ್ಷದಲ್ಲಿ ಸಂಸತ್ತು ಒಮ್ಮೆಯೂ ತಾನಾಗಿ ಆ ಕಲಂ ಅಳಿಸಲಿಲ್ಲ. ಸೇರಿಸು ಎಂದರೆ ಸದನ ಮುಂದೆ ಬರುತ್ತದೆ, ಅಳಿಸು ಎಂದರೆ ಕೋರ್ಟಿನ ಕಡೆ ಕೈತೋರಿಸುತ್ತದೆ.

ವಿಚಾರಣಾಧೀನ ಕೈದಿಗಳ ಪ್ರಶ್ನೆಯನ್ನು ಎತ್ತಿದವರು ಕೈದಿಗಳಲ್ಲ, ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ. 1979ರಲ್ಲಿ ಕೆ.ಎಫ್. ರುಸ್ತಮ್‌ಜಿ ಬಿಹಾರದ ಜೈಲುಗಳ ಬಗ್ಗೆ ಬರೆದ ಲೇಖನಗಳನ್ನು ಓದಿ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಅಪರಾಧ ಸಾಬೀತಾದರೆ ಸಿಗುತ್ತಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಒಳಗಿದ್ದವರು ಹೊರಬಂದರು. ಆದರೆ ಇವತ್ತಿಗೂ ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನರೇ. ಇದಕ್ಕೆ ಹೋಲಿಸಿ 498ಎ ದುರ್ಬಳಕೆಯಾಗುತ್ತಿದೆ ಎಂದು 2005ರ ಸುಮಾರಿಗೆ ಸಂಘಟಿತರಾದ ಗಂಡಂದಿರ ಚಳವಳಿಯನ್ನು ನೋಡಿ, ಅದಕ್ಕೂ ಬೆಂಗಳೂರು ಒಂದು ಕೇಂದ್ರ. ಹತ್ತು ವರ್ಷದೊಳಗೆ, 2014ರಲ್ಲಿ, ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಕಾರಣ ಬರೆಯದೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪು ಸರಿಯೇ, ಬಡ ಆರೋಪಿಗೂ ಅದರಿಂದ ಉಪಕಾರವಿದೆ. ಆದರೂ ಆರೋಪಿ ಯಾವ ವರ್ಗದವನು ಎಂಬುದರ ಮೇಲೆ ಕಾಯುವ ಕಾಲ ಹೆಚ್ಚುಕಡಿಮೆಯಾಗುತ್ತದೆ ಎಂಬ ಸಂಶಯ ಬಾರದೆ ಇರದು.

ಖಾಕಿಯೊಳಗಿನಿಂದ ಬಂದ ಚಳವಳಿಗೆ ಗತಿ ಇನ್ನೂ ಕೆಟ್ಟದು. ಉತ್ತರ ಪ್ರದೇಶದ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಹೂಡಿದ ಅರ್ಜಿಗೆ 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳ ತೀರ್ಪು ಬಂತು. ಪೊಲೀಸ್ ಮುಖ್ಯಸ್ಥರಿಗೆ ಎರಡು ವರ್ಷದ ಖಚಿತ ಅವಧಿ, ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸುವುದು, ಪೊಲೀಸರ ವಿರುದ್ಧದ ದೂರಿಗೆ ಪ್ರಾಧಿಕಾರ. ಯಾರನ್ನೂ ಗಲ್ಲಿಗೇರಿಸುವ ಮಾತಿಲ್ಲ. ಮೇಣದಬತ್ತಿ ಹಿಡಿದು ಯಾರೂ ಬರಲಿಲ್ಲ. ರಾಜ್ಯಗಳು ಕಾಯ್ದೆ ತಂದದ್ದು ಹೆಚ್ಚಾಗಿ ತೀರ್ಪಿನ ಹಲ್ಲು ಕೀಳುವ ರೀತಿಯಲ್ಲಿ.

ಕೆಜಿಎಫ್‌ನ ಬುಟ್ಟಿ

ಕೊನೆಯ ಉದಾಹರಣೆಯೂ ಕೋಲಾರದ್ದೇ. ಬೆಜವಾಡ ವಿಲ್ಸನ್ ಹುಟ್ಟಿದ್ದು ಕೆಜಿಎಫ್‌ನಲ್ಲಿ. ಚಿನ್ನದ ಗಣಿಯ ಕಾಲೊನಿಯ ಒಣ ಪಾಯಿಖಾನೆಗಳಿಂದ ಮಲ ಬಾಚಿ ಹೊರುವುದು ಅವರ ಮನೆಯವರ ಕೆಲಸವಾಗಿತ್ತು. ಎಪ್ಪತ್ತರ ದಶಕದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿ ಮಲ ಹೊರುವುದನ್ನು ನಿಷೇಧಿಸಿದ್ದ ರಾಜ್ಯ ಇದೇ. 1993ರಲ್ಲಿ ಕೇಂದ್ರದ ಕಾಯ್ದೆ, 2013ರಲ್ಲಿ ಇನ್ನೂ ಬಲವಾದ ಕಾಯ್ದೆ ಬಂದವು. ಅದರ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು.

ವಿಲ್ಸನ್ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನದ ಉದ್ದೇಶದಲ್ಲಿ ಶಿಕ್ಷೆ ಕೊನೆಯ ಸ್ಥಾನದಲ್ಲಿದೆ. ಅವರು ಹಾರೆ ಹಿಡಿದು ಒಣ ಪಾಯಿಖಾನೆ ಕೆಡವಿದರು, ಇಲ್ಲವೇ ಇಲ್ಲ ಎಂದು ಪ್ರಮಾಣಪತ್ರ ಸಲ್ಲಿಸಿದ ಸರಕಾರಗಳ ಮುಂದೆ ಫೋಟೋ ಇಟ್ಟರು. ಕೇಳಿದ್ದು ಬೇರೆ ಕೆಲಸ, ಪರಿಹಾರ, ಮಕ್ಕಳಿಗೆ ಶಾಲೆ, ಒಳಚರಂಡಿಗೆ ಯಂತ್ರ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ಪರಿಹಾರವೆಂದು ಸುಪ್ರೀಂ ಕೋರ್ಟು ನಿಗದಿಪಡಿಸಿತು. ಕಾಯ್ದೆಯಲ್ಲಿ ಜೈಲು ಶಿಕ್ಷೆ ಇದೆ. ಅದರಡಿ ಜೈಲಿಗೆ ಹೋದ ಮುನ್ಸಿಪಾಲಿಟಿ ಅಧಿಕಾರಿಗಳನ್ನು ಹುಡುಕಿದರೂ ಸಿಗುವುದು ಕಷ್ಟ, ಏಕೆಂದರೆ ಇಲ್ಲಿ ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾದ್ದು ಸರಕಾರವೇ.

ಓದುಗರಲ್ಲಿ ಒಂದು ವಿನಂತಿ. ನಮ್ಮ ವಿಧಾನಮಂಡಲದಲ್ಲಿ ಮಂಡನೆಯಾಗುವ ಮಸೂದೆಯ ಮುದ್ರಿತ ಪ್ರತಿಯ ಕೊನೆಯಲ್ಲಿ ‘ಆರ್ಥಿಕ ಜ್ಞಾಪನ ಪತ್ರ’ ಎಂಬ ಪುಟ್ಟ ಭಾಗವಿರುತ್ತದೆ. ಮುಂದಿನ ಸಲ ಯಾವುದೋ ಘೋರ ಅಪರಾಧದ ಬೆನ್ನಿಗೆ ಕಠಿಣ ಶಿಕ್ಷೆಯ ಮಸೂದೆ ಬಂದಾಗ ಶಿಕ್ಷೆಯ ಕಲಂ ಬಿಟ್ಟು ಮೊದಲು ಅದನ್ನು ಓದಿ. ಈ ಕ್ರಮದಿಂದ ಹೆಚ್ಚುವರಿ ವೆಚ್ಚವೇನೂ ಇಲ್ಲ ಎಂದು ಅಲ್ಲಿ ಬರೆದಿದ್ದರೆ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆದು, ಯಾಕೆ ಇಲ್ಲ ಎಂದು ಕೇಳಿ.